ಬೂಷ್ಟು ಹಿಡಿಯದ ತೊಟ್ಟಿ

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಆಯ್ತು." ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಫ್ಯಾನು ಹಾಕು ಅನ್ನುವುದಕ್ಕೂ ಆಯ್ತು, ಆರಿಸು ಅನ್ನುವುದಕ್ಕೂ ಅದೇ. ತಲೆಯಾಡಿಸುವುದನ್ನು ನಂಬೋಣವೆಂದರೆ ಅದೂ ಅಡ್ಡಾದಿಡ್ಡಿ. ಹೂಂ ಎನ್ನಬೇಕಾದಲ್ಲಿ ಅಡ್ಡಡ್ಡ, ಬೇಡ ಎನ್ನಬೇಕಾದಲ್ಲಿ ಉದ್ದುದ್ದ. "ಒಳಗೆ ಎಲ್ಲಾ ಗೊತ್ತಾಗ್ತಿದೆ ಇವ್ರಿಗೆ," ಎಂದಿದ್ದಳು ಕೈಕಾಲು ಆಡಿಸಲು ವಾರಕ್ಕೆರಡು ಸಲ ಬರುವ ಫಿಸಿಯೋ. "ಹೊರಗೆ ಬರೋ ಬಾಗಿಲು ಮಾತ್ರ ಜಾಮ್ ಆಗಿದೆ."

ಇಷ್ಟು ದೊಡ್ಡ ಭಾಷೆಯಲ್ಲಿ ಉಳಿಯಲು ಇದೇ ಮಾತು ಬೇಕಿತ್ತಾ ಎಂದು ಕಡ್ಡಿಗೆ ಮೈಯುರಿಯುತ್ತಿತ್ತು. ಕಡ್ಡಿ ಎಂದರೆ ಆ ಮನೆಯ ಮಗ. ಅಕ್ಕ ಇಟ್ಟ ಪೂರ್ತಿ ಹೆಸರು ಬೆಂಕಿಕಡ್ಡಿ: ಆಳು ಸಣ್ಣ, ಗೀರಿದರೆ ಸಾಕು ಹತ್ತಿಕೊಳ್ಳುತ್ತಾನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವನು ಅಪ್ಪನ ಗಾಜಿನಂಗಡಿಯಲ್ಲಿ ನಿಂತಿದ್ದ. ಅಂಗಡಿಯೆಂದರೆ ಮನೆಗೆ ಅಂಟಿಕೊಂಡ ಒಂದು ಕೋಣೆ, ಕಂಬಳಿ ಹೊದಿಸಿದ ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳು. ಅಲ್ಲಿ ಅಪ್ಪನದೊಂದು ಪದ್ಧತಿ. ಕೆಲಸ ಮುಗಿದ ಮೇಲೆ ಗಾಜಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸುವುದು, ಬೆರಳ ಗೆಣ್ಣಿನಿಂದ ಎರಡು ಸಲ ಟಕ್ ಟಕ್ ಎನ್ನಿಸುವುದು, ಆಮೇಲೆ ಒಂದೇ ಮಾತು. ಆಯ್ತು. ಅದು ಬಂದರೆ ಮಾಲು ಪಾಸು.

ಮೂರು ವರ್ಷ ಕಡ್ಡಿ ಕೊಯ್ದ ಒಂದೇ ಒಂದು ಗಾಜಿಗೂ ಆ ಮಾತು ಬರಲಿಲ್ಲ. "ಇಡು ಅಲ್ಲಿ" ಬಂತು. "ಕಣ್ಣೇನು ಬಾಡಿಗೆಗೆ ಕೊಟ್ಟಿದೀಯಾ" ಬಂತು. ಗಿರಾಕಿಗಳೆದುರು "ನಮ್ಮೋನು ಅಳತೆ ಟೇಪನ್ನ ಸೊಂಟಕ್ಕೆ ಕಟ್ಕೊಳ್ಳಕ್ಕೆ ಇಟ್ಕೊಂಡಿದಾನೆ" ಎಂಬ ಜೋಕೂ ಬಂತು. ಒಂದು ದಿನ ಕಟರನ್ನು ಮೇಜಿನ ಮೇಲೆ ಕುಕ್ಕಿ ಹೊರಟವನು ಸೀದಾ ಹೋಗಿ ಬಾತ್‌ರೂಮ್ ಕೂರಿಸುವ ಮೇಸ್ತ್ರಿಯ ಕೈಕೆಳಗೆ ಸೇರಿಕೊಂಡ. ಅಪ್ಪ ಬೀದಿಗೆಲ್ಲ ಕೇಳುವಂತೆ, "ಗಾಜು ಬಿಟ್ಟು ಕಕ್ಕಸು ಮೆತ್ತಕ್ಕೆ ಹೋದ!" ಎಂದ. ಅದಾಗಿ ಏಳು ವರ್ಷ. ಈಗ ಟೈಲ್ಸು, ಬೇಸಿನ್ನು, ಷವರಿನ ಮೂಲೆಗಳಿಗೆ ಸಿಲಿಕಾನ್ ಅಂಟು ಎಳೆಯುವುದರಲ್ಲಿ ಕಡ್ಡಿಯನ್ನು ಮೀರಿಸುವವರಿಲ್ಲ. ಅಂಟಿನ ಗನ್ನು ಹಿಡಿದರೆ ಗೆರೆ ಹಲ್ಲುಜ್ಜುವ ಪೇಸ್ಟಿನಷ್ಟು ಸಲೀಸು. ಇದನ್ನು ಮೇಸ್ತ್ರಿ ಹೇಳುತ್ತಾನೆ, ಮನೆಯೊಡೆಯರು ಹೇಳುತ್ತಾರೆ. ಹೇಳಬೇಕಾದವನು ಮಾತ್ರ ಹೇಳಲಿಲ್ಲ. ಅಷ್ಟರಲ್ಲಿ ಅವನ ಬಾಯೇ ಬಿದ್ದುಹೋಯಿತು.

ಐದು ತಿಂಗಳಿಂದ ಅಪ್ಪ ನಡುಮನೆಯ ಮಂಚದ ಮೇಲೆ ಗೋಡೆ ನೋಡುತ್ತಾ ಮಲಗಿದ್ದ. ಟಿವಿ ಹಾಕಿದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಮೆತ್ತಗೆ ಓಡಾಡೋದೇನಾದ್ರೂ ಕಣ್ಣೆದುರಿಗೆ ಇಟ್ರೆ ಒಳ್ಳೇದು," ಎಂದಳು ಫಿಸಿಯೋ.

"ಮೀನು ಇಡೋಣ," ಎಂದಳು ಅಕ್ಕ. ಅವಳು ದರ್ಜಿ, ಹೊಲಿಗೆ ಮೆಷಿನ್ನು ಅದೇ ನಡುಮನೆಯ ಕಿಟಕಿಯ ಪಕ್ಕದಲ್ಲಿತ್ತು. "ಗೋಲ್ಡ್‌ಫಿಶ್. ಅಂಗಡೀಲಿ ರೆಡಿ ತೊಟ್ಟಿ ಸಿಗುತ್ತೆ."

"ಗಾಜಿನೋನ ಮನೆಗೆ ರೆಡಿ ತೊಟ್ಟಿ ತರ್ತೀಯಾ? ನಾಚಿಕೆ ಆಗಲ್ವಾ? ನಾನ್ ಕಟ್ತೀನಿ."

"ನೀನಾ? ಮೀನಿಗೆ ಷವರ್ರೂ ಕೂರಿಸ್ತೀಯೋ ಹೇಗೆ?"

ಅಂಗಡಿಯ ಮೂಲೆಯಲ್ಲಿ, ಹಳೇ ಪೇಪರಿನಲ್ಲಿ ಸುತ್ತಿ ಹುರಿ ಕಟ್ಟಿದ ಐದು ಗಾಜು ಇದ್ದವು. ಯಾರೋ ಮೀನಿನ ತೊಟ್ಟಿಗೆಂದು ಹೇಳಿಹೋಗಿ ಮತ್ತೆ ತಲೆ ಹಾಕಿರಲಿಲ್ಲ. ಬೀಳುವ ಮುಂಚಿನ ವಾರ ಅಪ್ಪ ಕೊಯ್ದದ್ದು. ಆ ಕೈ ಕೊನೆಯದಾಗಿ ಕೊಯ್ದ ಗಾಜು ಅವೇ. ಕಟ್ಟಿನ ಜೊತೆಗೇ ಎರಡು ಸಿಲಿಕಾನ್ ಟ್ಯೂಬನ್ನೂ ಹುರಿಯಲ್ಲಿ ಬಿಗಿದಿಟ್ಟಿದ್ದ. ಕಡ್ಡಿ ತಿರುಗಿಸಿ ನೋಡಿದ. ಸಾದಾ ಟ್ಯೂಬು, ತೀರಾ ಅಗ್ಗದ್ದು, ಅದೂ ಒಣಗಿ ಕಲ್ಲಾಗಿತ್ತು. "ಇಂಥದ್ರಲ್ಲೇ ಜೀವನ ಕಳೆದ," ಎಂದುಕೊಂಡು ಕಸದ ಡಬ್ಬಿಗೆ ಎಸೆದ.

ಭಾನುವಾರ ಬೆಳಗ್ಗೆ ಅಪ್ಪನ ಮಂಚದೆದುರೇ ಕೆಲಸ ಶುರುವಾಯಿತು. ಬೇಕೆಂತಲೇ ಅಲ್ಲಿ ಕೂತ, ನೋಡಲಿ ಎಂದು. ಗಾಜು ಒರೆಸಿದ, ಅಂಚಿಗೆ ಟೇಪು ಹಚ್ಚಿದ, ಚೀಲದಿಂದ ತನ್ನ ಟ್ಯೂಬು ತೆಗೆದ. ತನ್ನ ಕಸುಬಿನಲ್ಲೇ ದುಬಾರಿ ಮಾಲು. ಷವರಿನ ಮೂಲೆಯಲ್ಲಿ ಸದಾ ನೀರು ಬಿದ್ದರೂ ಹತ್ತು ವರ್ಷ ಒಂದು ಕಪ್ಪು ಚುಕ್ಕೆ ಬರುವುದಿಲ್ಲ.

"ಬೂಷ್ಟು ಹತ್ರ ಸುಳಿಯಲ್ಲ, ನೋಡ್ತಿರು," ಎಂದು ಅಪ್ಪನ ಮುಖದೆದುರು ಟ್ಯೂಬು ಆಡಿಸಿದ. "ಕಕ್ಕಸಿನ ಮಾಲು ಅಂತಿದ್ದೆ. ಈಗ ನೋಡು."

ಮೊದಲ ಗೆರೆ ಎಳೆದು ಬೆರಳಲ್ಲಿ ತೀಡುತ್ತಿದ್ದಾಗ ಮಂಚದಿಂದ ಸದ್ದು ಬಂತು. ಟಕ್ ಟಕ್. ಕಡ್ಡಿ ತಲೆಯೆತ್ತಿದ. ಅಪ್ಪ ಆಡುವ ಎಡಗೈಯ ಗೆಣ್ಣಿನಿಂದ ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದ. ಕುತ್ತಿಗೆಯ ನರ ಉಬ್ಬಿತ್ತು.

"ಆಯ್ತು!" ಎಂದ. "ಆಯ್ತು! ಆಯ್ತು!"

ಕಡ್ಡಿಯ ಕೈಯಲ್ಲಿ ಗನ್ನು ಹಾಗೇ ನಿಂತಿತು.

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. "ಅಯ್ಯೋ ನೋಡೋ, ನಿಮ್ಮಪ್ಪನ ಕಣ್ಣಲ್ಲಿ ನೀರು! ಎಷ್ಟು ಖುಷಿಯಾಗಿದೆ ಅವ್ರಿಗೆ!"

"ಲೇ ಕಡ್ಡಿ, ಪಾಸಾದೆ ಕಣೋ," ಎಂದು ಅಕ್ಕ ಮೆಷಿನ್ನು ನಿಲ್ಲಿಸಿ ನಕ್ಕಳು.

ಕಡ್ಡಿ ಮುಖ ಅತ್ತ ತಿರುಗಿಸಿಕೊಂಡ. ಹತ್ತು ವರ್ಷ ಕಾದಿದ್ದ ಮಾತು ಕೊನೆಗೂ ಬಂದಿತ್ತು. ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಇವನು ಉಬ್ಬಿಹೋಗಿ, ಎಲ್ಲ ಮೂಲೆಗಳ ಒಳಮೈಗೆ ಇನ್ನೊಂದು ಗೆರೆ, ದಪ್ಪನೆಯದು, ಎಳೆದ. ಅಪ್ಪ ಇನ್ನೂ ಜೋರಾಗಿ ಬಡಿದ. ಗೆಣ್ಣಿನ ಚರ್ಮ ಕಿತ್ತುಹೋಯಿತು. "ಸಾಕು ಮಾರಾಯ, ಇಷ್ಟೊಂದು ಹೊಗಳಬೇಡ," ಎನ್ನುತ್ತಾ ಕಡ್ಡಿ ಅಪ್ಪನ ಕೈಯನ್ನು ಮೆಲ್ಲಗೆ ಹಿಡಿದು ಹೊದಿಕೆಯೊಳಗೆ ಇಟ್ಟ.

ಅಂಟು ಒಣಗಲು ಬಿಟ್ಟರು, ಮೀನಂಗಡಿಯವನು ಹೇಳಿದ ಹಾಗೆ ನೀರು ತುಂಬಿ ಗಾಳಿ ಮೋಟಾರು ಹಾಕಿ ಇನ್ನೂ ಎರಡು ವಾರ ಕಾದರು. ಒಂದು ಹನಿ ಸೋರಲಿಲ್ಲ. ಜಗಳ ಶುರುವಾದದ್ದು ಅಲಂಕಾರಕ್ಕೆ. ಅಕ್ಕ ಜಲ್ಲಿಯನ್ನು ಏಳು ನೀರಲ್ಲಿ ತೊಳೆದು ಇಳಿಜಾರಾಗಿ ಹಾಸಿದಳು. ಕಡ್ಡಿ ಒಂದು ಮಣ್ಣಿನ ಸೇತುವೆ ತಂದ. ಅಮ್ಮ ಯಾರಿಗೂ ಹೇಳದೆ ಸ್ಟೀಲಿನ ಸಣ್ಣ ಬಟ್ಟಲೊಂದನ್ನು ಮಧ್ಯದಲ್ಲಿಟ್ಟಿದ್ದಳು.

"ಇದೇನಮ್ಮಾ?" ಎಂದಳು ಅಕ್ಕ.

"ಊಟಕ್ಕೆ. ನೆಲದ ಮೇಲೆ ಹಾಕಿದ್ರೆ ತಿನ್ನುತ್ವಾ ಪಾಪ?"

"ಚಮಚಾನೂ ಇಡು. ಕೈ ತೊಳೆಯಕ್ಕೆ ನೀರಂತೂ ಇದೆ."

ಅಮ್ಮನೂ ನಕ್ಕಳು. ಅಪ್ಪ ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಕೊನೆಗೆ ಕಡ್ಡಿ ಅಂಗಡಿಯ ಗಾಜಿನ ಚೂರುಗಳನ್ನು ಕಲ್ಲಿಗೆ ಉಜ್ಜಿ, ಅಂಚು ಮೊಂಡು ಮಾಡಿ, ಹಸಿರು ಮಣಿಗಳ ಹಾಗೆ ಜಲ್ಲಿಯ ಮೇಲೆ ಹರಡಿದ. ನಾಲ್ಕು ಮೀನು ಬಂದವು, ಮನೆಯಲ್ಲಿ ನಾಲ್ಕು ಜನ ಎಂಬ ಲೆಕ್ಕಕ್ಕೆ. ಹೊಟ್ಟೆ ಮುಂದೆ ಬಿಟ್ಟುಕೊಂಡು ಬಾಯಿ ತೆರೆದು ಮುಚ್ಚಿ ತಿರುಗುತ್ತಿದ್ದ ದಪ್ಪನೆಯದಕ್ಕೆ ಕಡ್ಡಿಯೇ ಹೆಸರಿಟ್ಟ: ಹೆಡ್‌ಮಾಸ್ಟರ್. ಅಪ್ಪ ಮೀನುಗಳನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಮೂರನೇ ದಿನ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಅಮ್ಮ ಊಟ ಹೆಚ್ಚಾಯಿತೆಂದಳು. ಐದನೇ ದಿನ ಇನ್ನೊಂದು. ಅಕ್ಕ ಬಿಸಿಲೆಂದು ಕಿಟಕಿಗೆ ಬಟ್ಟೆ ಕಟ್ಟಿದಳು. ಕಡ್ಡಿ ಅರ್ಧ ನೀರು ಬದಲಾಯಿಸಿದ, ಮೋಟಾರು ಬಿಚ್ಚಿ ತೊಳೆದ, ಸೇತುವೆ ತೆಗೆದ. ಆರನೇ ದಿನ ಮೂರನೆಯದು. ಹೆಡ್‌ಮಾಸ್ಟರ್ ಒಂದು ಮೂಲೆಯಲ್ಲಿ ಓರೆಯಾಗಿ ನಿಂತಿದ್ದ. ಅಪ್ಪ ಆಯ್ತು ಆಯ್ತು ಎಂದು ಹಗಲೆಲ್ಲ ಗೋಳಾಡಿದ.

ಬೆಂಕಿ ಹತ್ತಿಕೊಂಡಿತು. ಸತ್ತ ಮೀನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಕಡ್ಡಿ ಮೀನಂಗಡಿಗೆ ನುಗ್ಗಿದ. "ಕಾಯಿಲೆ ಮೀನು ಕಟ್ಟಿ ಕಳಿಸ್ತೀಯಾ? ಮಲಗಿರೋ ಮನುಷ್ಯನ ಎದುರಿಗೆ ದಿನಕ್ಕೊಂದು ಹೆಣ ಎತ್ತುತಿದೀನಿ ನಾನು!"

ಮೀನಂಗಡಿಯವನು ವಯಸ್ಸಾದವನು, ಕೂಗಿಗೆ ಜಗ್ಗುವವನಲ್ಲ. ಕವರನ್ನು ಬೆಳಕಿಗೆ ಹಿಡಿದು ನೋಡಿದ. "ತೊಟ್ಟಿ ಎಲ್ಲಿ ತಗೊಂಡೆ?"

"ನಾನೇ ಕಟ್ಟಿದ್ದು."

"ಏನ್ ಹಾಕಿ ಅಂಟಿಸಿದೆ?"

ಕಡ್ಡಿ ಚೀಲದಿಂದ ಟ್ಯೂಬು ತೆಗೆದು ಮೇಜಿನ ಮೇಲೆ ಕುಕ್ಕಿದ. "ಇದಕ್ಕಿಂತ ಒಳ್ಳೇದು ಈ ಊರಲ್ಲೇ ಇಲ್ಲ. ಹತ್ತು ವರ್ಷ ಬೂಷ್ಟು ಹಿಡಿಯಲ್ಲ."

"ಯಾಕೆ ಹಿಡಿಯಲ್ಲ?"

"ಅಂದ್ರೆ?"

"ಬೂಷ್ಟು ಸಾಯೋದಕ್ಕೆ ಇದ್ರಲ್ಲಿ ಮದ್ದು ಬೆರೆಸಿರ್ತಾರಪ್ಪ. ಅದು ನೀರಿಗೆ ಇಳಿಯುತ್ತೆ." ಮುದುಕ ಕನ್ನಡಕ ಏರಿಸಿ, ಟ್ಯೂಬಿನ ಬೆನ್ನಿಗಿದ್ದ ಇರುವೆ ಸಾಲಿನಂಥ ಅಕ್ಷರದ ಮೇಲೆ ಉಗುರು ಇಟ್ಟ. "ಓದು. ಮೀನಿನ ತೊಟ್ಟಿಗೆ ಬಳಸಬಾರದು. ತೊಟ್ಟಿಗೆ ಸಾದಾ ಟ್ಯೂಬೇ ಆಗ್ಬೇಕು, ಅಗ್ಗದ್ದು. ಗಾಜಿನ ಕೆಲಸದೋರು ಯಾರನ್ನಾದ್ರೂ ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಏಳು ವರ್ಷದಲ್ಲಿ ಅಂಥ ಸಾವಿರ ಟ್ಯೂಬು ಹಿಂಡಿದ್ದ ಕಡ್ಡಿ ಒಂದರ ಬೆನ್ನನ್ನೂ ತಿರುಗಿಸಿ ನೋಡಿದವನಲ್ಲ. ಈಗ ಓದಿದ. ಹುರಿಯಲ್ಲಿ ಕಟ್ಟಿದ್ದ ಆ ಎರಡು ಕಲ್ಲಾದ ಟ್ಯೂಬು ಕಣ್ಣಿಗೆ ಬಂದವು. ಕಿತ್ತುಹೋದ ಗೆಣ್ಣು ಬಂತು. ಒಂದು ಮಾತು ಹೇಳಿದ್ದ, ಗಾಜಿನ ಕೆಲಸದವನು. ಇದ್ದದ್ದೇ ಒಂದು ಮಾತು, ಅದನ್ನೇ ಹೇಳಿದ್ದ.

"ಅಂಟು ಪೂರ್ತಿ ಕೆರೆದು ಬೇರೆ ಹಾಕಿ ಕಟ್ಟು," ಎಂದ ಮುದುಕ. "ಒಂದು ಎಳೆ ಉಳಿಯಬಾರದು."

ಮನೆಗೆ ಬಂದವನೇ ಹೆಡ್‌ಮಾಸ್ಟರನ್ನು ಬಕೆಟ್ಟಿಗೆ ಬಿಟ್ಟ, ತೊಟ್ಟಿ ಖಾಲಿ ಮಾಡಿದ. ಆಮೇಲೆ ಮಂಚದ ಅಂಚಿಗೆ ಕೂತ.

"ಅಪ್ಪ. ಅವತ್ತು ಬೇಡ ಅಂತ ಹೇಳ್ತಿದ್ಯಾ?"

"ಆಯ್ತು."

"ಹೌದಾದ್ರೆ ನನ್ ಕೈ ಒಂದ್ಸಲ ಒತ್ತು. ಅಲ್ಲ ಅಂದ್ರೆ ಸುಮ್ನಿರು."

ಅಪ್ಪ ಒಂದು ಸಲ ಒತ್ತಿದ. ಮತ್ತೊಂದು ಸಲ ಒತ್ತಿದ. ಆಮೇಲೆ ಬಿಡದೆ ಒತ್ತುತ್ತಲೇ ಇದ್ದ, "ಆಯ್ತು, ಆಯ್ತು" ಎನ್ನುತ್ತಾ, ತನ್ನ ಬಾಯಿಗೆ ತಾನೇ ಬೈಯುವವನ ಹಾಗೆ.

ಬಾತ್‌ರೂಮಿನಲ್ಲಿ ಒಡೆದ ಟೈಲ್ಸನ್ನಾದರೂ ಕಿತ್ತು ಬೇರೆ ಕೂರಿಸಬಹುದು. ಇದನ್ನು ಎಲ್ಲಿಂದ ಕೀಳುವುದು? ಕಡ್ಡಿಗೆ ಐದು ತಿಂಗಳ ಆಯ್ತುಗಳೆಲ್ಲ ಒಂದರ ಹಿಂದೊಂದು ನೆನಪಾಗತೊಡಗಿದವು. ಬಿಸಿ ಗಂಜಿ ಬಾಯಿಗಿಟ್ಟಾಗಿನ ಆಯ್ತು. ಎಡಕ್ಕೆ ಹೊರಳಿಸಿ ಮಲಗಿಸಿದಾಗಿನ ಆಯ್ತು. ಕಿಟಕಿ ಮುಚ್ಚಿದಾಗ, ಅಂಗಡಿಗೆ ಬೀಗ ಹಾಕಿದ್ದೇವೆ ಎಂದಾಗ. "ಪಾಪ, ಎಲ್ಲಕ್ಕೂ ಒಪ್ಕೋತಾರೆ" ಎನ್ನುತ್ತಿದ್ದಳು ಅಮ್ಮ.

ಎದ್ದ. ಅಂಗಡಿಯಿಂದ ಅಪ್ಪನ ತೆಳು ಬ್ಲೇಡು ತಂದು ತೊಟ್ಟಿಯ ಮೂಲೆಗೆ ಹೊರಗಿನಿಂದ ತೂರಿಸಿದ. ಮೊದಲ ಗೆರೆ ಸುಲಭವಾಗಿ ಬಿಟ್ಟಿತು. ಒಳಮೈಯ ಎರಡನೆಯದು, ಉಬ್ಬಿಹೋಗಿ ಎಳೆದಿದ್ದ ಆ ದಪ್ಪ ಗೆರೆ, ಜಪ್ಪಯ್ಯ ಎಂದರೂ ಬಿಡಲಿಲ್ಲ. ಏಳು ವರ್ಷ ಕಲಿತದ್ದೆಲ್ಲ ಬಿಡದ ಹಾಗೆ ಅಂಟಿಸುವುದು. ಬಿಡಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಎರಡು ಮೊಳ ದೂರದಲ್ಲಿ ಮಲಗಿ, ಕಣ್ಣು ಕಿತ್ತುಬರುವ ಹಾಗೆ ನೋಡುತ್ತಿದ್ದ.

"ಹೇಗ್ ಬಿಡಿಸೋದಪ್ಪಾ? ಮೇಲಿಂದ್ಲಾ, ಕೆಳಗಿಂದ್ಲಾ?"

"ಆಯ್ತು."

ಮೇಲಿನಿಂದ ಬ್ಲೇಡು ಇಟ್ಟ. "ಇಲ್ಲಿಂದ್ಲಾ?"

"ಆಯ್ತು!"

ಕೆಳಗೆ ಇಟ್ಟ. "ಇಲ್ಲಿಂದ್ಲಾ?"

"ಆಯ್ತು! ಆಯ್ತು!"

ಎರಡೂ ಒಂದೇ ದನಿ. ಕೈ ಕೊಟ್ಟರೂ ಎರಡಕ್ಕೂ ಬಿಡದೆ ಒತ್ತಿದ. ಒಂದು ಹೌದು ಇರಬಹುದು, ಇನ್ನೊಂದು ಬೇಡ ಇರಬಹುದು. ಕಡ್ಡಿ ಹಲ್ಲು ಕಚ್ಚಿ ಮೇಲಿನಿಂದ ಒತ್ತಿದ. ಒಳಗೆಲ್ಲೋ ಚಿಟ್ಟೆಂದಿತು. ಅಪ್ಪ ಕೊಯ್ದ ಗಾಜಿನಲ್ಲಿ ಈ ಮೂಲೆಯಿಂದ ಆ ಮೂಲೆಗೆ ಕೂದಲಿನಂಥ ಗೆರೆಯೊಂದು ಅವಸರವಿಲ್ಲದೆ ಓಡಿ ನಿಂತಿತು.

ಮೆಷಿನ್ನು ನಿಂತಿತು. ಬಕೆಟ್ಟಿನ ತಳದಲ್ಲಿ ಹೆಡ್‌ಮಾಸ್ಟರ್ ಪಕ್ಕಕ್ಕೆ ವಾಲಿಕೊಂಡು, ಕಿವಿರು ಮಾತ್ರ ಆಡಿಸುತ್ತಿದ್ದ. ಮಂಚದಿಂದ ನೋಡುವವರಿಗೆ ಬಕೆಟ್ಟಿನ ನೀಲಿ ಹೊರಮೈ ಬಿಟ್ಟು ಏನೂ ಕಾಣುತ್ತಿರಲಿಲ್ಲ.

"ಏನಾಯ್ತೋ?" ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು.

ಕಡ್ಡಿ ಬ್ಲೇಡು ಹಿಡಿದುಕೊಂಡೇ ಅಪ್ಪನ ಕಡೆ ನೋಡಿದ. ಅಪ್ಪ ಬಿರುಕನ್ನೇ ನೋಡುತ್ತಿದ್ದ. ಬಡಿಯಲಿಲ್ಲ, ಕೂಗಲಿಲ್ಲ. ಮೆಲ್ಲಗೆ, ಅಮ್ಮನಿಗೋ ಮಗನಿಗೋ ಗಾಜಿಗೋ, ಅವನೇ ಉತ್ತರ ಕೊಟ್ಟ.

"ಆಯ್ತು."