ಮೀನಣ್ಣನ ಗುಳ್ಳೆ ಗೋಡೆ

ಭಾವ ಪ್ಲಾಸ್ಟಿಕ್ ಕೊಳವೆಯನ್ನು ಬಾಯಿಗಿಟ್ಟು ಮೀನಿನ ತೊಟ್ಟಿಯ ನೀರು ಹೀರುತ್ತಿದ್ದುದನ್ನು ಕಂಡು ಅವಳು ಮುಖ ಕಿವುಚಿದಳು. ಹೀರಿದ್ದಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಬಾಯಿಗೆ ಬಂದ ನೀರನ್ನು ಬಕೆಟ್ಟಿಗೆ ಉಗಿದು, ನಾಲಿಗೆಯನ್ನು ಒಮ್ಮೆ ತುಟಿಯ ಸುತ್ತ ಆಡಿಸಿ, "ಉಪ್ಪು ಸ್ವಲ್ಪ ಕಮ್ಮಿಯಾಗಿದೆ" ಅಂತ ತೀರ್ಪು ಬೇರೆ ಕೊಟ್ಟ.

ಎದುರಿಗೆ ಅವಳು "ಭಾವ, ನೀವು" ಎಂದೇ ಮಾತಾಡಿಸುತ್ತಿದ್ದಳು. ಮನಸ್ಸಿನೊಳಗೆ ಮಾತ್ರ ಆ ಮರ್ಯಾದೆ ಯಾವತ್ತೋ ಉದುರಿಹೋಗಿತ್ತು. ಗಂಡನ ಒಡಹುಟ್ಟಿದ ಅಣ್ಣ, ಬೀದಿಯವರ ಬಾಯಲ್ಲಿ ಮೀನಣ್ಣ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನು ಗಾಜಿನ ತೊಟ್ಟಿ ಸಮೇತ ಮನೆಯ ಮುಂದಿನ ಹಾಲಿನಲ್ಲಿ ಠಿಕಾಣಿ ಹೂಡಿದ್ದ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ತೊಟ್ಟಿಯನ್ನು ಹಾಲಿನ ನಟ್ಟನಡುವೆ ನಿಲ್ಲಿಸಿದ್ದ. ಕಿಟಕಿಯಿರುವ ಅರ್ಧ ಅವನದು. ಬಾಗಿಲ ಬಳಿಯ ಕತ್ತಲ ಅರ್ಧದಲ್ಲಿ ಅವಳ ಹೊಲಿಗೆ ಮಿಷನ್ನು. ಗಿರಾಕಿಗಳು ಬಂದು ನಿಲ್ಲುವುದೂ ಅಲ್ಲೇ, ಅಳತೆ ಕೊಡುವುದೂ ಅಲ್ಲೇ. ಅಳತೆ ಕೊಡುತ್ತಾ ನಿಂತವರ ಕಣ್ಣು ತೊಟ್ಟಿಯ ಗಾಜನ್ನು ದಾಟಿ ಆಚೆ ಹೋದರೆ ಭಾವನ ಸಂಸಾರವೆಲ್ಲ ಕಾಣುತ್ತಿತ್ತು: ಎಣ್ಣೆ ಕುಡಿದು ಕಂದಾಗಿದ್ದ ತಲೆದಿಂಬು, ಹಗ್ಗದ ಮೇಲೆ ಹರಕಲು ಬನಿಯನ್ನು, ಮಂಚದ ಕಾಲ ಬುಡದಲ್ಲಿ ಕತ್ತರಿಸಿ ಬಿಟ್ಟ ಉಗುರುಗಳು, ಕಫ ಉಗಿಯುವ ಸ್ಟೀಲ್ ಲೋಟ. ಮೀನಿಗೆ ಹಾಕುವ ಕೆಂಪು ಹುಳುಗಳ ಡಬ್ಬಿಯೊಂದು ಕಾಣುತ್ತಿರಲಿಲ್ಲ. ಅದು ಫ್ರಿಜ್ಜಿನಲ್ಲಿ, ಹಾಲಿನ ಪಾತ್ರೆಯ ಪಕ್ಕದಲ್ಲಿತ್ತು.

ಇವತ್ತು ಮಧ್ಯಾಹ್ನ ದೊಡ್ಡ ಆಸ್ಪತ್ರೆಯ ಮೇಲ್ವಿಚಾರಕಿ ಬರುವವರಿದ್ದರು. ಅವರೇ ಕೊಟ್ಟ ಬಿಳಿ ಬಟ್ಟೆಯಲ್ಲಿ ಮಾದರಿಗೆಂದು ಒಂದು ಕೋಟು ಹೊಲಿದು ಮಿಷನ್ನಿನ ಪಕ್ಕದ ಬುಟ್ಟಿಯಲ್ಲಿ ಮಡಿಸಿಟ್ಟಿದ್ದಳು. ಹೊಲಿಗೆಯೂ, ಹೊಲಿಯುವ ಜಾಗವೂ ಒಪ್ಪಿಗೆಯಾದರೆ ಆಸ್ಪತ್ರೆಯ ಅಷ್ಟೂ ಕೋಟು ಅವಳ ಪಾಲಿಗೆ. ಮುಂದಿನ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿ ಖಾಲಿಯಿತ್ತು. ಈ ಕೆಲಸ ಸಿಕ್ಕರೆ ಅದನ್ನು ಬಾಡಿಗೆಗೆ ಹಿಡಿಯಬಹುದು. ಒಂದು ಮಿಷನ್ನು, ಒಂದು ಕಿಟಕಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಅವಳಿಗೆ ಬದುಕಿನಲ್ಲಿ ಸದ್ಯಕ್ಕೆ ಬೇಕಿದ್ದುದು ಅಷ್ಟೇ.

ಬೆಳಿಗ್ಗೆಯೇ ಹಲ್ಲು ಕಚ್ಚಿಕೊಂಡು ಮೆತ್ತಗೆ ಕೇಳಿದ್ದಳು. "ಭಾವ, ಇವತ್ತೊಂದಿನ ನಿಮ್ಮ ಕಡೆ ಸ್ವಲ್ಪ ಕ್ಲೀನ್ ಮಾಡ್ಕೋತೀರಾ? ನಾನು ಮಾಡಿಕೊಡ್ಲಾ?"

"ಕ್ಲೀನ್ ಯಾಕಮ್ಮ? ಅವರಿಗೆ ಕಾಣಬಾರದು, ಅಷ್ಟೇ ತಾನೇ? ಗುಳ್ಳೆ ಗೋಡೆ ಎಬ್ಬಿಸ್ತೀನಿ. ಈ ತುದಿಯಿಂದ ಆ ತುದಿವರೆಗೂ ಗುಳ್ಳೆ ಏಳ್ತಾ ಇದ್ರೆ ಆಚೆ ಏನಿದೆ ಅಂತ ಯಾರಿಗೆ ಗೊತ್ತಾಗುತ್ತೆ?"

ಒರೆಸುವ ಬದಲು ಮುಚ್ಚುವುದು ಈ ಮನೆಯ ವಂಶಪಾರಂಪರ್ಯ ವಿದ್ಯೆ. ಗೋಡೆಗೆ ಬೂಸ್ಟು ಹಿಡಿದರೆ ಅದರ ಮೇಲೆ ಕ್ಯಾಲೆಂಡರ್ ಬರುತ್ತಿತ್ತು, ಬಚ್ಚಲು ನಾರಿದರೆ ಸೆಂಟು ಬರುತ್ತಿತ್ತು. ಅವಳು ಗಂಡನ ಮುಖ ನೋಡಿದಳು. ಗೋದಾಮಿನ ಕೆಲಸಕ್ಕೆ ಅವತ್ತು ರಜೆ ಹಾಕಿ ಕೂತಿದ್ದ ಆ ಮಹಾಶಯ, "ಅಣ್ಣ ಹೇಳೋದ್ರಲ್ಲೂ ಅರ್ಥ ಇದೆ" ಎಂದು ಪೇಪರಿನೊಳಗೆ ತಲೆ ತೂರಿಸಿದ.

ಹೀಗೆ ಗೋಡೆಯ ಕೆಲಸ ಶುರುವಾಯಿತು. ನೀರು ಅರ್ಧಕ್ಕಿಳಿದ ಮೇಲೆ ಭಾವ ತೊಟ್ಟಿಗಿಂತ ಎಷ್ಟೋ ಉದ್ದವಿದ್ದ ಬೇರೊಂದು ಕೊಳವೆ ತೆಗೆದುಕೊಂಡು, ಒಂದು ತುದಿಯನ್ನು ಬೆಂಕಿಗೆ ಹಿಡಿದು, ಒತ್ತಿ ಮುಚ್ಚಿದ. ತೂತು ಕೊರೆಯುವುದಕ್ಕೆ ಅವಳ ಮಿಷನ್ನಿನ ಸಣ್ಣ ಸೂಜಿಯೇ ಬೇಕಾಯಿತು. ಕೇಳಲೂ ಇಲ್ಲ. ಅದನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ, ಅವಳದೇ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಸಾಲಾಗಿ ಚುಚ್ಚುತ್ತಾ ಹೋದ. ಅದರಲ್ಲಿ ಮಾತ್ರ ಅವನ ಕೈ ಎಳ್ಳಷ್ಟೂ ಅಲುಗಲಿಲ್ಲ. ಗಾಳಿ ಊದುವ ಪಂಪಿನ ಹತ್ತಿರದ ತೂತು ಚಿಕ್ಕದಿರಬೇಕಂತೆ, ದೂರದ್ದು ಒಂಚೂರು ದೊಡ್ಡದು, ಇಲ್ಲದಿದ್ದರೆ ಗಾಳಿಯೆಲ್ಲ ಮೊದಲಲ್ಲೇ ಖರ್ಚಾಗಿ ಗೋಡೆ ಒಂದು ಕಡೆ ಕುಸಿಯುತ್ತದಂತೆ. ಇಷ್ಟು ತಿಳಿದವನಿಗೆ ಲೋಟ ತೊಳೆಯುವುದು ತಿಳಿಯಲಿಲ್ಲವಲ್ಲ ಎಂದು ಅವಳ ಮೈ ಉರಿಯಿತು.

ಕೊಳವೆ ಮಲಗಿಸಲು ತಳದ ಕಲ್ಲುಗಳನ್ನು ಸರಿಸಿದ್ದೇ ತಡ, ಕಪ್ಪನೆಯ ಕೊಚ್ಚೆ ಎದ್ದು ನೀರೆಲ್ಲ ಕದಡಿತು. ಕೊಳೆತ ಮೊಟ್ಟೆಯ ನಾತ ಅಡುಗೆಮನೆಯ ತನಕ ಬಂತು. ಭಾವ ಕಂಕುಳ ತನಕ ಕೈ ಇಳಿಸಿ ತಡಕಾಡಿ, ಏನನ್ನೋ ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ. ಅರ್ಧ ಕರಗಿದ ಮೀನು. ಒಂದು ಪಕ್ಕ ಮುಳ್ಳು, ಇನ್ನೊಂದು ಪಕ್ಕ ಬೂಸ್ಟಿನ ನಾರು.

"ಓ, ನೀನು ಇಲ್ಲಿದ್ಯಾ ಮಾರಾಯ" ಎಂದು ಅದನ್ನು ಅವಳ ಕತ್ತರಿಯ ಪಕ್ಕ ಇಟ್ಟ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕತ್ತರಿಯನ್ನು ಬಿಸಿನೀರಲ್ಲಿ ತೊಳೆದಳು, ಆಮೇಲೆ ತನ್ನ ಕೈಯನ್ನು ತೊಳೆದಳು, ಮೂಗಿನ ಹತ್ತಿರ ತಂದು ನೋಡಿ ಮತ್ತೆ ತೊಳೆದಳು.

ಕೊಳವೆ ತೇಲದಂತೆ ಅದಕ್ಕೆ ಬೆಣಚುಕಲ್ಲುಗಳನ್ನು ದಾರದಲ್ಲಿ ಬಿಗಿದು, ನೀರು ತುಂಬಿ, ಕೊಚ್ಚೆ ತಳ ಸೇರಿದ ಮೇಲೆ ಭಾವ ಸ್ವಿಚ್ ಒತ್ತಿದ. ಮೊದಲು ಒಂದೆರಡು ಗುಳ್ಳೆ, ಆಮೇಲೆ ಒಂದು ಸಾಲು, ಆಮೇಲೆ ತೊಟ್ಟಿಯ ಉದ್ದಕ್ಕೂ ಬೆಳ್ಳಗೆ ಒಂದು ಗೋಡೆ ಜುಮ್ಮನೆ ಎದ್ದು ನಿಂತಿತು. ಆಚೆಯ ಮಂಚ, ಬನಿಯನ್ನು, ಲೋಟ ಎಲ್ಲ ಮಾಯ. ಚೆಂದವಾಗಿತ್ತು. ಸುಳ್ಳು ಹೇಳುವಂತಿರಲಿಲ್ಲ, ನಿಜಕ್ಕೂ ಚೆಂದವಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕಾಯಿತಲ್ಲ ಎಂದು ಅವಳಿಗೆ ಇನ್ನಷ್ಟು ಅಸಹ್ಯವಾಯಿತು.

ಸ್ಟ್ಯಾಂಡಿನ ಕೆಳಗಿಟ್ಟ ಪಂಪು ಮಾತ್ರ ನೆಲವನ್ನೇ ನಡುಗಿಸುತ್ತಾ ಗೊರ್ರೆನ್ನುತ್ತಿತ್ತು. "ಸದ್ದಿಗೆ ಒಂದು ದಾರಿ ಮಾಡ್ತೀನಿ, ನೀನು ಹೋಗು" ಎಂದ ಭಾವ. ಅವಳು ಒಳಗೆ ಹೋಗಿ ಊಟ ಮುಗಿಸಿ, ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು, ಕೋಟಿಗೆ ಕೊನೆಯದಾಗಿ ಒಮ್ಮೆ ಇಸ್ತ್ರಿ ಹಾಕೋಣವೆಂದು ಬಂದು ನೋಡಿದರೆ ಬುಟ್ಟಿ ಖಾಲಿ.

ಹಾಲಿನಲ್ಲಿ ಪಂಪಿನ ಸದ್ದಿರಲಿಲ್ಲ. ಗೋಡೆಯೂ ಇರಲಿಲ್ಲ. ಆಚೆ ಭಾವ ಬಾಯಿ ತೆರೆದು ಮಲಗಿದ್ದ.

"ಭಾವ, ಕೋಟೆಲ್ಲಿ?"

"ಯಾವ ಕೋಟು?" ಅವನು ಕಣ್ಣು ತೆರೆಯಲಿಲ್ಲ. "ಮೇಡಮ್ ಬಂದಾಗ ಪಂಪ್ ಹಾಕಿದ್ರಾಯ್ತು ಅಂತ ಆಫ್ ಮಾಡ್ದೆ. ಸ್ವಲ್ಪ ಕಣ್ಣು ಮುಚ್ಚೋಕೆ ಬಿಡಮ್ಮ."

ಟಪ್, ಟಪ್ ಎಂದು ನೀರು ತೊಟ್ಟಿಕ್ಕುವ ಸದ್ದು ಕೇಳಿತು. ಅವಳು ಮಂಡಿಯೂರಿ ಸ್ಟ್ಯಾಂಡಿನ ಕೆಳಗೆ ಬಗ್ಗಿದಳು. ಸದ್ದು ಹೊರಗೆ ಕೇಳದಂತೆ ಪಂಪಿಗೆ ಬಿಳಿ ಬಟ್ಟೆಯೊಂದನ್ನು ಮಗುವಿಗೆ ಸುತ್ತಿದ ಹಾಗೆ ಬೆಚ್ಚಗೆ ಸುತ್ತಲಾಗಿತ್ತು. ಪಂಪು ನಿಂತ ಕೂಡಲೇ ತೊಟ್ಟಿಯ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಹರಿದು, ಪಂಪಿನ ಹೊಟ್ಟೆ ತುಂಬಿಸಿ, ಬಟ್ಟೆಯನ್ನು ತೋಯಿಸಿ ಈಗ ನೆಲಕ್ಕಿಳಿಯುತ್ತಿತ್ತು. ಪ್ಲಗ್ಗು ಕಿತ್ತು, ಕೊಳವೆಯನ್ನು ಎಳೆದು ಹಾಕಿ, ಬಟ್ಟೆಯನ್ನು ಬಿಡಿಸಿದಳು. ಅವಳ ಕೋಟು. ಬೆನ್ನಿಗೆಲ್ಲ ಹಸಿರುಗಪ್ಪು ಕಲೆ, ತೋಳಿನಿಂದ ಲೋಳೆ ಎಳೆಎಳೆಯಾಗಿ ಇಳಿಯುತ್ತಿತ್ತು. ಜೇಬಿನ ಅಂಚಿನಲ್ಲಿ ಒಂದು ಕೆಂಪು ಹುಳು, ಇನ್ನೂ ಜೀವಂತ, ಒದ್ದಾಡುತ್ತಿತ್ತು.

"ಬೆಳ್ಳಗೆ ಮೆತ್ತಗಿತ್ತು, ವೇಸ್ಟ್ ಬಟ್ಟೆ ಅಂದ್ಕೊಂಡೆ" ಎಂದ ಭಾವ, ಎದ್ದು ಕೂತು ಹೊಟ್ಟೆ ಕೆರೆದುಕೊಳ್ಳುತ್ತಾ. "ಪಂಪ್ ನೀರಿಗಿಂತ ಮೇಲಿಡಿ ಅಂತ ಅಂಗಡಿಯವನು ಹೇಳಿದ್ದ. ಮೇಲಿಟ್ರೆ ಕಿವಿ ಹತ್ರಾನೇ ಸದ್ದು ಅಂತ ಇಡ್ಲಿಲ್ಲ."

ಅವಳು ಕೋಟನ್ನು ಎತ್ತಿಕೊಂಡಳು. ಬಚ್ಚಲಿಗೆ ಹೋಗಿ ತಿಕ್ಕಿದಳು. ಸೋಪು ಕರಗಿ ಬಿಲ್ಲೆಯಾಗುವ ತನಕ, ಬೆರಳ ಗಂಟು ಸುಲಿಯುವ ತನಕ ತಿಕ್ಕಿದಳು. ಬಣ್ಣ ಹೋಯಿತು, ಹೆಚ್ಚೂಕಡಿಮೆ. ಒಣಗಿಸಲು ಇಸ್ತ್ರಿ ಒತ್ತಿದಾಗ ಎದ್ದ ಹಬೆಯಲ್ಲಿ ಇಡೀ ತೊಟ್ಟಿಯೇ ಇತ್ತು, ಕೊಚ್ಚೆ, ಹುಳು, ಸತ್ತ ಮೀನು ಸಮೇತ. ಅವಳು ಮುಖ ಆಚೆ ತಿರುಗಿಸಿಕೊಂಡು ಒತ್ತಿದಳು.

ಗಂಡ ಸೆಂಟಿನ ಬಾಟಲಿ ಹಿಡಿದು ಬಂದ. "ಎರಡು ಸಲ ಹೊಡೆದ್ರೆ ಸಾಕು. ಯಾರು ಮೂಸಿ ನೋಡ್ತಾರೆ?"

"ಆಸ್ಪತ್ರೆಗೆ ಹೋಗೋ ಬಟ್ಟೆ ರೀ ಇದು. ಇವತ್ತು ಬರಬೇಡಿ ಅಂತ ಅವರಿಗೆ ಫೋನ್ ಮಾಡ್ತೀನಿ."

"ಮಾಡು. ಇನ್ನೊಬ್ಬ ಟೈಲರ್ ಕಾಯ್ತಾ ಇದ್ದಾನೆ ಅಂತ ಅವರೇ ಹೇಳಿದ್ರಲ್ಲ" ಎಂದು ಅವನು ಬಾಟಲಿಯನ್ನು ಅಲ್ಲೇ ಇಟ್ಟು ಹೋದ.

ಫೋನು ಕೈಯಲ್ಲೇ ಇತ್ತು. ಅವಳು ಮಾಡಲಿಲ್ಲ. ಸೆಂಟನ್ನೂ ಮುಟ್ಟಲಿಲ್ಲ. ಅಷ್ಟರಮಟ್ಟಿಗಾದರೂ ತಾನು ಇವರಂತಲ್ಲ ಎಂದುಕೊಂಡಳು.

ಮೇಲ್ವಿಚಾರಕಿ ಹೇಳಿದ ಹೊತ್ತಿಗೆ ಬಂದರು. ಅಷ್ಟರಲ್ಲಿ ಭಾವ ಪಂಪನ್ನು ಒದರಿ, ಬಿಸಿಲಿಗಿಟ್ಟು, ಈ ಸಲ ಬೀರುವಿನ ಮೇಲೆ ಜೋಪಾನವಾಗಿ ಕೂರಿಸಿ ಗೋಡೆ ಎಬ್ಬಿಸಿದ್ದ. ಅದರ ಆಚೆ ಉಸಿರು ಬಿಗಿಹಿಡಿದು ಮಲಗಿದ್ದ. ಮೇಡಮ್ ಒಳಗೆ ಕಾಲಿಟ್ಟವರೇ ತೊಟ್ಟಿಯ ಮುಂದೆ ನಿಂತುಬಿಟ್ಟರು.

"ಎಷ್ಟು ಚೆನ್ನಾಗಿದೆ. ಮನೆ ಹೀಗೆ ಇಟ್ಕೊಂಡಿರೋರು ಕೆಲಸಾನೂ ನೀಟಾಗೇ ಮಾಡ್ತಾರೆ."

ಅವಳು ಕೋಟು ಕೊಟ್ಟಳು. ಮೇಡಮ್ ಅದನ್ನು ತಾವೇ ತೊಟ್ಟು ಭುಜ ಕುಣಿಸಿ ನೋಡಿದರು, ಗುಂಡಿ ಹಾಕಿ ತೆಗೆದರು, ಜೇಬಿನೊಳಗೆ ಕೈ ಇಳಿಸಿದರು. "ಗಾಯಕ್ಕೆ ಕಟ್ಟು ಹಾಕೋ ಹುಡುಗೀರಿಗೆ ಇದು. ಬೆಂಕಿ ತಗುಲಿದ ಮಕ್ಕಳೇ ಜಾಸ್ತಿ ನಮ್ಮಲ್ಲಿ. ಎತ್ಕೋಬೇಕು, ಅಪ್ಕೋಬೇಕು. ಬಟ್ಟೆ ಮೆತ್ತಗಿರಬೇಕು." ಆಮೇಲೆ ಕಾಲರನ್ನು ಮೂಗಿಗೆ ತಂದು ಹುಬ್ಬು ಗಂಟಿಕ್ಕಿದರು. "ಏನೋ ಕೆಸರು ವಾಸನೆ ಬರ್ತಿದೆಯಲ್ಲ?"

"ಹೊಸ ಬಟ್ಟೆ ಗಂಜಿ ವಾಸನೆ ಮೇಡಮ್" ಎಂದಳು ಅವಳು. ಮಾತು ಬಾಯಿಂದ ಸಲೀಸಾಗಿ ಜಾರಿ ಬಂತು, ಹುಡುಕಲೇ ಬೇಕಾಗಲಿಲ್ಲ.

"ಹೌದಾ, ಸರಿ. ಹೊಲಿಗೆ ಚೆನ್ನಾಗಿದೆ. ಕೆಲಸ ನಿಮ್ಮದೇ. ಇದನ್ನ ಈಗಲೇ ತಗೊಂಡು ಹೋಗ್ತೀನಿ, ನಾಳೆ ಬೆಳಿಗ್ಗೆ ಒಬ್ಬಳು ವಾರ್ಡಲ್ಲಿ ಹಾಕ್ಕೊಂಡು ನೋಡ್ಲಿ."

ಬೆಂದ ಮಗುವೊಂದು ಆ ಬಿಳಿ ಎದೆಗೆ ಕೆನ್ನೆ ಇಟ್ಟಿದ್ದು ಅವಳ ಕಣ್ಣಿಗೆ ಕಟ್ಟಿತು. "ಮೇಡಮ್, ಒಂದ್ಸಲ ಒಗೆದು ಹಾಕ್ಕೊಂಡ್ರೆ..."

"ಯಾಕೆ, ಹೊಸದೇ ತಾನೇ? ಏನಾದ್ರೂ ಆಗಿದ್ಯಾ?"

ಅವರು ಕೋಟನ್ನು ಅವಳ ಕಡೆಗೇ ಚಾಚಿ ಕಾಯುತ್ತಾ ನಿಂತರು. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅಂಗಡಿಯೂ ಮುಗಿದುಹೋಗುತ್ತಿತ್ತು.

"ಏನಿಲ್ಲ ಮೇಡಮ್. ಹೊಸದೇ."

ಮೇಡಮ್ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟರು. ಬಾಗಿಲು ಮುಚ್ಚಿದ ಮೇಲೆ ಗುಳ್ಳೆಗಳ ಆಚೆಯಿಂದ ಮಂಚ ಕಿರುಗುಟ್ಟಿತು. ಬಂದಾಗಿನಿಂದ ಅವಳನ್ನು ಒಂದು ದಿನವೂ ಮೆಚ್ಚದ ಭಾವ ಮನಸಾರೆ ನಗುತ್ತಿದ್ದ.

"ಗಂಜಿ ವಾಸನೆ ಅಂದ್ಯಲ್ಲ, ನನಗೂ ಹೊಳೀತಿರಲಿಲ್ಲ ಕಣಮ್ಮ. ಈಗ ನೀನು ನಮ್ಮ ಮನೆಯವಳಾದೆ."

ಅವಳು ಬಚ್ಚಲಿಗೆ ಓಡಿ, ಗೋಡೆಗೆ ಕೈಯೂರಿ ಬಗ್ಗಿದಳು. ಎಷ್ಟು ಓಕರಿಸಿದರೂ ಏನೂ ಆಚೆ ಬರಲಿಲ್ಲ.