ಸಾಕಿದ ಅಕ್ಕ, ಸಾಕಾದ ಅಕ್ಕ

ಶಂಭುಲಿಂಗಪ್ಪನವರು ಹಳೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಮೊದಲು ಓದುವುದು ಕಥೆಯನ್ನಲ್ಲ, ಯಾರೂ ಓದದ ಮುದ್ರಣ ವಿವರದ ಪುಟವನ್ನು; ಅದನ್ನೂ ಓದುವುದಕ್ಕಿಂತ ಹೆಚ್ಚಾಗಿ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಕಳ್ಳನೋಟು ಪರೀಕ್ಷಿಸುವವರಂತೆ ನೋಡುತ್ತಾರೆ. ಎಪ್ಪತ್ತು ದಾಟಿದ ದೇಹ, ಬೇಸಗೆಯಲ್ಲೂ ಬಿಡದ ಕಂದು ಕೋಟು, ಅದರ ಜೇಬಿನಲ್ಲೊಂದು ಭೂತಗನ್ನಡಿ. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಈ ಮನುಷ್ಯ ಮದುವೆ ಪತ್ರಿಕೆಯನ್ನೂ ತಿದ್ದಿಯೇ ವಾಪಸು ಕೊಡುತ್ತಿದ್ದರು. "ನನ್ ಕೈ ದಾಟಿ ಒಂದು ತಪ್ಪೂ ಹೋಗಿಲ್ಲ" ಎಂಬುದು ಅವರ ಪಲ್ಲವಿ. ನಾನದನ್ನು ನಂಬಿದ್ದೆ.

ಈಗ ಹಳೆಯ ಕನ್ನಡ ಪುಸ್ತಕಗಳ ಮೊದಲ ಮುದ್ರಣಕ್ಕೆ ಎಲ್ಲಿಲ್ಲದ ಗಿರಾಕಿ. ಓದುವವರಿಲ್ಲ, ಗಾಜಿನ ಕಪಾಟಿನಲ್ಲಿ ಇಡುವವರಿದ್ದಾರೆ. ಅಂಥವರಿಗೆ ಟೋಪಿ ಹಾಕುವವರಿಗೂ ಬರವಿಲ್ಲ. ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ ಮುನೇಶ್ ಎಂಬಾತನ ಅಂಗಡಿಗೆ ನಾವಿಬ್ಬರೂ ಹೋದಾಗ, ವಿನುತಾ ಎಂಬ ಕಾಲೇಜು ಅಧ್ಯಾಪಕಿ ಒಂದು ಕಥಾಸಂಕಲನ ಹಿಡಿದು ನಿಂತಿದ್ದರು. ಅದು ಮೊದಲ ಮುದ್ರಣವೆಂದು ಮುನೇಶ್ ಆಣೆ ಹಾಕುತ್ತಿದ್ದ. ಶಂಭುಲಿಂಗಪ್ಪನವರು ಪುಟವನ್ನು ಬಿಸಿಲಿಗೆ ಹಿಡಿದರು. 'ಮೊದಲ ಮುದ್ರಣ: ೧೯೭೪' ಎಂಬುದರ ಕೆಳಗೆ ಕಾಗದ ತೆಳುವಾಗಿತ್ತು.

"ಇಲ್ಲೊಂದು ಸಾಲಿತ್ತು. ಬ್ಲೇಡ್ ಹಾಕಿ ಕೆರೆದಿದೀಯ."

"ಅಯ್ಯೋ, ಹುಳ ತಿಂದಿರೋದು ಸಾರ್."

"ಎರಡನೇ ಮುದ್ರಣ ಅನ್ನೋ ಸಾಲನ್ನೇ ಹುಡುಕ್ಕೊಂಡು ತಿನ್ನೋಕೆ, ಆ ಹುಳಕ್ಕೆ ಓದೋಕ್ ಬರುತ್ತೇನಯ್ಯಾ?"

ನನಗೂ ಮೈ ಉರಿಯಿತು. ಅಕ್ಷರದ ಅನ್ನ ತಿಂದು ಅಕ್ಷರವನ್ನೇ ಕೆರೆಯುವವನಿಗೆ ಏನೆನ್ನಬೇಕು? ಆತನೋ ನಾಚುವ ಬದಲು ನಕ್ಕ. "ಸುಮ್ನೆ ಹೇಳಿದ್ರೆ ಆಯ್ತಾ? ಪ್ರೂಫ್ ಏನಿದೆ ಸಾರ್?"

ಪ್ರೂಫ್ ಎಂಬ ಆ ಮಾತಿಗೆ ಶಂಭುಲಿಂಗಪ್ಪನವರು ಪುಸ್ತಕ ಮುಚ್ಚಿದರು. ಕೋಟಿನ ಗುಂಡಿಯನ್ನು ಹಾಕಿದರು, ತೆಗೆದರು. ಆಮೇಲೆ ಅದನ್ನು ವಿನುತಾ ಅವರ ಕೈಗೆ ಕೊಟ್ಟು, "ಅರ್ಪಣೆ ಪುಟ ಓದೀಮ್ಮಾ" ಎಂದರು.

"ಸಾಕಿದ ಅಕ್ಕನಿಗೆ."

"ಮೊದಲ್ನೇದ್ರಲ್ಲಿ ಅದು 'ಸಾಕಾದ ಅಕ್ಕನಿಗೆ' ಅಂತಿತ್ತು. ಕಥೆಗಾರರ ಅಕ್ಕ ಅದನ್ನ ಓದಿ, ತಮ್ಮನ ಮನೆ ಹೊಸ್ತಿಲು ಮತ್ತೆ ತುಳೀಲಿಲ್ವಂತೆ. ನಮ್ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ದ ಓಬಳಪ್ಪನ ಕೆಲಸ ಹೋಯ್ತು." ಅವರ ಧ್ವನಿ ಇಳಿಯಿತು. "ಅವನು ಸರಿಯಾಗೇ ಜೋಡ್ಸಿದ್ದ. 'ಕಿ'ಯ ಗುಡಿಸು ತೆಗೆಸಿ, 'ಕಾ' ಅಂತ ಇಳಿ ಹಾಕ್ಸಿದ್ದು ನಾನು. ನನ್ ಕೈಬರಹ ಇದ್ದ ಆ ಪ್ರೂಫ್ ಹಾಳೇನೂ ನಾನೇ ಹರಿದ್ಹಾಕ್ದೆ."

ಮುನೇಶನ ನಗು ನಿಂತಿತು. ವಿನುತಾ ಪುಸ್ತಕ ಕೆಳಗಿಟ್ಟು ಹೊರಟುಹೋದರು. ನನಗೆ ಶಂಭುಲಿಂಗಪ್ಪನವರ ಮೇಲೆ ಬಂದ ಸಿಟ್ಟು ಮುನೇಶನ ಮೇಲಿನದಕ್ಕಿಂತ ಕಡಿಮೆಯದೇನಲ್ಲ. ಬ್ಲೇಡಿನವನು ಒಂದು ಸಾಲು ಕೆರೆದಿದ್ದ. ಇವರು ಒಬ್ಬ ಮನುಷ್ಯನನ್ನೇ ಅಳಿಸಿ, ಐವತ್ತು ವರ್ಷ ಸುಮ್ಮನಿದ್ದರು.

ದಾರಿಯಲ್ಲಿ "ಓಬಳಪ್ಪ ಎಲ್ಲಿದಾರೆ?" ಎಂದು ಕೇಳಿದೆ. "ತೀರ್ಕೊಂಡ" ಎಂದರು.

ಊರವರ ತಪ್ಪನ್ನೆಲ್ಲ ಬಿಸಿಲಿಗೆ ಹಿಡಿಯುವ ಇಂಥವರ ಕೋಪವನ್ನು ನಾವು ಸತ್ಯನಿಷ್ಠೆಯೆಂದು ಗೌರವಿಸುತ್ತೇವೆ. ಅದರಲ್ಲಿ ಅರ್ಧಪಾಲು ತಮ್ಮ ಮೇಲಿನದೇ ಎಂಬುದು ತಿಳಿಯುವ ಹೊತ್ತಿಗೆ ತಿದ್ದುವ ಕಾಲ ಮೀರಿರುತ್ತದೆ. ಪುಸ್ತಕಕ್ಕಾದರೆ ಎರಡನೆಯ ಮುದ್ರಣವಿತ್ತು. ಓಬಳಪ್ಪನಿಗೆ ಇರಲಿಲ್ಲ.