ಕೊರಳಿನ ಗುಂಡಿ

"ಈಗ ನೋಡು, ಈಗ ನಾನು ಬರ್ತೀನಿ," ಎಂದು ಓರಿನ್ ಚಿತ್ರಮಂದಿರದ ಕತ್ತಲಲ್ಲೇ ಹೆಂಡತಿ ಎಡ್ನಾಳ ಮೊಣಕೈ ಮುಟ್ಟಿದ.

ಹಾಲಿವುಡ್ಡಿನ ಸುತ್ತ ಇನ್ನೂ ನಿಂಬೆತೋಟಗಳಿದ್ದ ಕಾಲದಿಂದ ಅವನು ಮೂಕಿಚಿತ್ರಗಳಲ್ಲಿ ನ್ಯಾಯಾಧೀಶ, ಕುಡುಕ, ಪಾದ್ರಿ, ಶ್ರೀಮಂತರ ಮನೆಯ ಆಳು, ಹೀಗೆ ಕೊಟ್ಟದ್ದೆಲ್ಲ ಆಗುತ್ತ ಬಂದವನು. ಅವನ ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಬಾರದು. ಈ ಚಿತ್ರದಲ್ಲಿ ಮಾತ್ರ ಅವನ ಪಾಲಿಗೊಂದು ನಿಜವಾದ ದೃಶ್ಯ ಬಂದಿತ್ತು: ಗಣಿ ಕುಸಿದು ಸತ್ತ ಮಗನ ಗುರುತು ಹಿಡಿಯಲು ಬರುವ ಅಪ್ಪ. ಚಿತ್ರೀಕರಣದ ದಿನ ದೀಪ ಹಿಡಿದ ಆಳುಗಳೂ ಕಣ್ಣೊರೆಸಿಕೊಂಡಿದ್ದರು. "ಇನ್ಮೇಲೆ ನಿನ್ನ ಹಿಡಿಯೋರಿಲ್ಲ ಕಣೋ," ಎಂದು ಗೆಳೆಯ ರಾಸ್ಕೋ ತಬ್ಬಿಕೊಂಡಿದ್ದ. ರಾಸ್ಕೋನೂ ಅಂಥದೇ ನಟ. ಪ್ರತಿ ಭಾನುವಾರ ಎಡ್ನಾ ಹುರಿದ ಕೋಳಿಗೆ ತಪ್ಪದೆ ಹಾಜರಾಗುತ್ತಿದ್ದವನು ಈಚೆಗೆ ಯಾಕೋ ಮನೆ ಕಡೆ ತಲೆ ಹಾಕಿರಲಿಲ್ಲ.

ಪರದೆಯ ಮೇಲೆ ಶವಾಗಾರದ ಬಾಗಿಲು ತೆರೆಯಿತು. ಅಂದು ಓರಿನ್ ತೊಟ್ಟಿದ್ದ ಅದೇ ಕೋಟಿನಲ್ಲಿ ಮುದುಕನೊಬ್ಬ ಒಳಗೆ ಬಂದ. ಬೆಳಕಿಗೆ ತಿರುಗಿದ. ರಾಸ್ಕೋ!

ಯಾವುದೋ ರೀಲು ಅದಲುಬದಲಾಗಿರಬೇಕು ಎಂದುಕೊಂಡ ಓರಿನ್. ಅಷ್ಟರಲ್ಲಿ ರಾಸ್ಕೋ ಹೆಣದ ಮೇಲಿನ ಬಟ್ಟೆ ಸರಿಸಿದ. ಅಳಲಿಲ್ಲ. ಬಗ್ಗಿ, ಮಗ ಚಳಿಯಲ್ಲಿ ಹೊರಗೆ ಹೊರಟಿದ್ದಾನೋ ಎಂಬಂತೆ, ಅಂಗಿಯ ಕೊರಳಿನ ಗುಂಡಿ ಹಾಕಿದ. ಸಭಾಂಗಣದಲ್ಲಿ ಬಿಕ್ಕುಗಳು ಕೇಳಿಸಿದವು. ಓರಿನ್‌ನ ಪಕ್ಕದಲ್ಲಿ ಎಡ್ನಾ ಕಲ್ಲಾಗಿದ್ದಳು.

ಜ್ವರ ಊರನ್ನೇ ಗುಡಿಸಿಹಾಕಿದ ಆ ಚಳಿಗಾಲದಲ್ಲಿ, ಅವರ ಮಗ ಟೋಬಿಯ ಶವಪೆಟ್ಟಿಗೆ ಮುಚ್ಚುವ ಮೊದಲು ಓರಿನ್ ಮಾಡಿದ್ದು ಅದನ್ನೇ. ಕೋಣೆಯಲ್ಲಿದ್ದವರು ಗಂಡ, ಹೆಂಡತಿ, ಪೆಟ್ಟಿಗೆಗೆ ಹೆಗಲು ಕೊಡಲು ಬಂದ ರಾಸ್ಕೋ, ಅಷ್ಟೇ.

ಆಟ ಮುಗಿದಾಗ ಬಾಗಿಲ ಬಳಿ ಜನ ರಾಸ್ಕೋನ ಕೈ ಕುಲುಕುತ್ತಿದ್ದರು. ಇವರನ್ನು ಕಂಡು ಅವನ ನಗು ಅರ್ಧಕ್ಕೇ ನಿಂತಿತು.

"ಸ್ಟುಡಿಯೋದವರೇ ಕರೆದ್ರು ಕಣೋ. ನಿನ್ನ ಮುಖ ನೋಡಿ ನೋಡಿ ಜನಕ್ಕೆ ಸಾಕಾಗಿದೆಯಂತೆ. ನಾನು ಒಲ್ಲೆ ಅಂದಿದ್ರೆ ಇನ್ನೊಬ್ಬ ಮಾಡ್ತಿದ್ದ."

"ಪಾತ್ರ ತಗೊಂಡೆ, ಹಾಳಾಗಿ ಹೋಗ್ಲಿ. ಆ ಗುಂಡಿಗೆ ಯಾಕೋ ಕೈ ಹಾಕ್ದೆ?" ಎಂದ ಓರಿನ್.

"ನಾನು ಹುರಿದ ಕೋಳಿ ತಿಂದ ಬಾಯಲ್ಲಿ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿಂಗೆ?" ಎಡ್ನಾ ಮುಂದೆ ನುಗ್ಗಿದಳು. "ನನ್ನ ಮಗನ ಹೆಣ ತಗೊಂಡು ಹೋಗಿ ಮಾರ್ಕೊಂಡ್ಯಲ್ಲೋ!"

ರಾಸ್ಕೋ ಬೆವರು ಒರೆಸಿಕೊಂಡ. "ನಾನಾಗಿ ಮಾಡ್ಲಿಲ್ಲ, ಎಡ್ನಾ. ನಿರ್ದೇಶಕರು ಇವನ ರೀಲು ತೋರಿಸಿ, ಹೀಗೇ ಮಾಡು ಅಂದ್ರು. ಮೊದಲು ಮಾಡಿದ್ದು ಇವನೇ. ಕೇಳು ಬೇಕಾದ್ರೆ."

ಎಡ್ನಾ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಹೌದಾ? ಕ್ಯಾಮೆರಾ ಮುಂದೆ?"

"ಆಗ... ಕೈ ತಾನಾಗೇ ಹೋಯ್ತು ಎಡ್ನಾ."

"ಒಂದೇ ಸಲಾನಾ?"

ಆ ದಿನ ಓರಿನ್ ಕೈಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮಾಡಿಸಿದ್ದರು. ಪ್ರತಿ ಸಲ ಇನ್ನಷ್ಟು ಚೆನ್ನಾಗಿ ಬರಲಿ ಎಂದು ಅವನೇ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೇಳಿಕೊಂಡಿದ್ದ.

ಹೊರಗೆ ಇನ್ನೂ ಬಿಸಿಲಿತ್ತು. ಟ್ರಾಮು ಬಂದಾಗ ಎಡ್ನಾ ಮುಂದೆ ಹತ್ತಿ ಕಿಟಕಿ ಪಕ್ಕ ಕೂತಳು. ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಟ್ರಾಮಿನ ತುಂಬ ಸೀಟುಗಳು ಖಾಲಿಯಿದ್ದವು. ಓರಿನ್ ಆ ಕೈಚೀಲದ ಪಕ್ಕದಲ್ಲಿ, ಮೇಲಿನ ಪಟ್ಟಿ ಹಿಡಿದು, ಮನೆಯವರೆಗೂ ನಿಂತೇ ಇದ್ದ.